ಸಂಗೀತಗಾರರ ಕಿರು ಪರಿಚಯ ಬರೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಸರಾಂತ ಗಾಯಕರ ಅಥವಾ ವಾದಕರ ಬದುಕನ್ನು ಒಂದೆರಡು ಪುಟಗಳಲ್ಲಿ ಹೇಳಬೇಕಾದ ಸಂದರ್ಭ ಹಲವರಿಗೆ ಬರುತ್ತದೆ. ಕಛೇರಿಯ ಕರಪತ್ರ, ಸ್ಮರಣ ಸಂಚಿಕೆ, ಪತ್ರಿಕೆಯ ಪುರವಣಿ, ವಿದ್ಯಾರ್ಥಿಯ ಪ್ರಬಂಧ, ವೇದಿಕೆಯ ಮೇಲಿನ ಪರಿಚಯದ ಮಾತು, ಹೀಗೆ ಕಾರಣಗಳು ಹಲವು. ಇಂಥ ಬರಹಗಳನ್ನು ಬರೆಯುತ್ತ, ಬೇರೆಯವರು ಬರೆದದ್ದನ್ನು ತಿದ್ದುತ್ತ ಬಂದ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಕೆಲವು ನಿಯಮಗಳು, ಕೆಲವು ನನ್ನ ಅಭಿಪ್ರಾಯಗಳು.

ಕಿರು ಪರಿಚಯ ಎಷ್ಟು ಉದ್ದವಿರಬೇಕು?

ಅದು ಎಲ್ಲಿ ಬಳಕೆಯಾಗುತ್ತದೆ ಎಂಬುದೇ ಅಳತೆ. ವೇದಿಕೆಯ ಮೇಲೆ ಓದುವ ಪರಿಚಯ 120 ಪದಗಳನ್ನು ದಾಟಬಾರದು. ತಂಬೂರಿ ಶ್ರುತಿ ಮಾಡಿಕೊಂಡು ಕುಳಿತ ಕಲಾವಿದರ ಎದುರಿಗೆ ಅವರದೇ ಪ್ರಶಸ್ತಿಗಳ ಪಟ್ಟಿಯನ್ನು ಹತ್ತು ನಿಮಿಷ ಓದುವುದು ಅವರಿಗೂ ಮುಜುಗರ, ಸಭಿಕರಿಗೂ ಬೇಸರ. ಕರಪತ್ರಕ್ಕೆ 150ರಿಂದ 200 ಪದ ಸಾಕು. ಪುರವಣಿಯ ಲೇಖನಕ್ಕೆ 500ರಿಂದ 800 ಪದಗಳ ಅವಕಾಶ ಸಿಗಬಹುದು. ಅದಕ್ಕಿಂತ ಹೆಚ್ಚು ಬರೆಯಬೇಕೆನಿಸಿದರೆ ನೀವು ಬರೆಯುತ್ತಿರುವುದು ಬೇರೆ ಪ್ರಕಾರದ ಬರಹ.

ಇದು ಜೀವನಚರಿತ್ರೆಯ ಸಂಕ್ಷಿಪ್ತ ರೂಪವಲ್ಲವೇ?

ಅಲ್ಲ. ಹೆಚ್ಚಿನ ಪರಿಚಯಗಳು ಸಪ್ಪೆಯಾಗುವುದೇ ಹಾಗೆಂದುಕೊಂಡು ಬರೆಯುವುದರಿಂದ. ಹುಟ್ಟು, ಶಿಕ್ಷಣ, ಮದುವೆ, ಪ್ರವಾಸ, ಪ್ರಶಸ್ತಿ, ನಿಧನ ಎಂದು ಇಡೀ ಬದುಕನ್ನು ಸಮನಾಗಿ ಹಿಂಡಿದರೆ ಉಳಿಯುವುದು ನೌಕರಿಯ ಅರ್ಜಿಗೆ ಲಗತ್ತಿಸುವ ಸ್ವವಿವರದಂಥ ಬರಹ. ಈ ವ್ಯಕ್ತಿಯ ಸಂಗೀತವನ್ನು ಏಕೆ ಕೇಳಬೇಕು, ಆ ಸಂಗೀತ ಅವರಿಗೆ ಎಲ್ಲಿಂದ ಬಂತು ಎಂಬುದಕ್ಕೆ ಕಿರು ಪರಿಚಯ ಉತ್ತರ ಕೊಡಬೇಕು. ಬದುಕಿನ ಸಂಗತಿಗಳಲ್ಲಿ ಈ ಉತ್ತರಕ್ಕೆ ಬೇಕಾದವು ಒಳಗೆ ಬರುತ್ತವೆ, ಉಳಿದವು ಎಷ್ಟೇ ಸ್ವಾರಸ್ಯಕರವಾಗಿದ್ದರೂ ಹೊರಗುಳಿಯುತ್ತವೆ.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನೇ ತೆಗೆದುಕೊಳ್ಳಿ. ಅವರಿಗೆ ಕ್ಷಯರೋಗ ಬಂದದ್ದು, ಚಿಕಿತ್ಸೆಯ ಕಾಲದಲ್ಲಿ ಮಾಳವ ಪ್ರದೇಶದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಡದೆ ಕಳೆದದ್ದು ಕೇವಲ ಕರುಣಾಜನಕ ವಿವರಗಳಲ್ಲ. ಶ್ವಾಸಕೋಶ ದುರ್ಬಲವಾದ ಮೇಲೆ ಅವರ ಗಾಯನದಲ್ಲಿ ಚಿಕ್ಕ ಚಿಕ್ಕ, ಚುರುಕಾದ ಸ್ವರಪುಂಜಗಳು ಮುಖ್ಯವಾದವು. ಹಾಸಿಗೆಯಲ್ಲಿದ್ದಾಗ ಕಿವಿಗೆ ಬಿದ್ದ ಮಾಳವದ ಜಾನಪದ ಹಾಡುಗಳು ಮುಂದೆ ಅವರ ರಾಗಕಲ್ಪನೆಗೆ ಒದಗಿಬಂದವು. ಇಲ್ಲಿ ಕಾಯಿಲೆಯೇ ಸಂಗೀತದ ಭಾಗವಾಗಿದೆ, ಹಾಗಾಗಿ 150 ಪದಗಳ ಪರಿಚಯದಲ್ಲೂ ಅದಕ್ಕೆ ಜಾಗವಿದೆ. ಇನ್ನೊಬ್ಬ ಕಲಾವಿದರ ಮಂಡಿನೋವಿಗೆ ಇಲ್ಲ.

ಹುಟ್ಟಿದ ದಿನಾಂಕದಿಂದ ಆರಂಭಿಸುವುದು ತಪ್ಪೇ?

ತಪ್ಪಲ್ಲ, ಆದರೆ ಓದುಗರಿಗೆ ಮುಂದಿನ ವಾಕ್ಯಕ್ಕೆ ಹೋಗಲು ಅದು ಯಾವ ಕಾರಣವನ್ನೂ ಕೊಡುವುದಿಲ್ಲ. ವಿಶ್ವಕೋಶದಲ್ಲಿ ಹಾಗೆ ಬರೆಯುವುದೇ ಕ್ರಮ, ಏಕೆಂದರೆ ಅಲ್ಲಿಗೆ ಬರುವವರು ದಿನಾಂಕವನ್ನೇ ಹುಡುಕಿಕೊಂಡು ಬಂದಿರುತ್ತಾರೆ. ಕರಪತ್ರದ ಅಥವಾ ಪುರವಣಿಯ ಓದುಗರು ಹಾಗಲ್ಲ.

ಎರಡು ಆರಂಭಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು: "ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಜನಿಸಿದರು. ಅವರಿಗೆ ಬಾಲ್ಯದಿಂದಲೇ ಸಂಗೀತದಲ್ಲಿ ಅಪಾರ ಆಸಕ್ತಿಯಿತ್ತು." ಎರಡನೆಯದು: "ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯಿಂದ ಹೊಮ್ಮಿದ ಒಂದು ಠುಮ್ರಿ ಕಿವಿಯಲ್ಲಿ ಉಳಿದುಬಿಟ್ಟ ಹುಡುಗ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ." ಎರಡನೆಯದರಲ್ಲೂ ವರ್ಷವಿದೆ, ವಯಸ್ಸಿದೆ. "ಅಪಾರ ಆಸಕ್ತಿ" ಎಂಬ ಮಾತನ್ನು ಬಳಸದೆಯೇ ಆಸಕ್ತಿ ಎಷ್ಟಿತ್ತು ಎಂಬುದೂ ಗೊತ್ತಾಗುತ್ತದೆ. ಹುಟ್ಟಿದ ದಿನಾಂಕ ಎರಡನೆಯ ಪ್ಯಾರಾದಲ್ಲಿ ಬಂದರೆ ಯಾವ ನಷ್ಟವೂ ಇಲ್ಲ.

ಆರಂಭಕ್ಕೆ ಇಂಥ ಘಟನೆಯೇ ಬೇಕೆಂದಿಲ್ಲ. ಒಂದು ವಾದ್ಯ, ಒಂದು ಅಭ್ಯಾಸ, ಒಂದು ಕಛೇರಿಯ ಸಂದರ್ಭವೂ ಆಗಬಹುದು. ಟಿ. ಚೌಡಯ್ಯನವರ ಪರಿಚಯವನ್ನು ಅವರ ಏಳು ತಂತಿಗಳ ಪಿಟೀಲಿನಿಂದ ಆರಂಭಿಸಿದರೆ ಧ್ವನಿವರ್ಧಕವಿಲ್ಲದ ಸಭಾಂಗಣದ ಕೊನೆಯ ಸಾಲಿಗೂ ನಾದ ತಲುಪಬೇಕೆಂಬ ಅವರ ಹಟವೂ ಜೊತೆಗೇ ಬರುತ್ತದೆ.

"ಗಾನಗಂಧರ್ವ", "ಸಂಗೀತ ಲೋಕದ ಧ್ರುವತಾರೆ" ಮುಂತಾದ ವಿಶೇಷಣಗಳನ್ನು ಬಳಸಬಹುದೇ?

ಬಿರುದಾಗಿ ಕೊಟ್ಟಿದ್ದರೆ, ಯಾರು, ಯಾವಾಗ ಕೊಟ್ಟರೆಂದು ಹೇಳಿ ಬಳಸಿ. ನಿಮ್ಮದೇ ಉದ್ಗಾರವಾಗಿದ್ದರೆ ಬಿಡಿ. ನನ್ನದೊಂದು ಸರಳ ಪರೀಕ್ಷೆಯಿದೆ. ವಾಕ್ಯದಲ್ಲಿರುವ ಕಲಾವಿದರ ಹೆಸರನ್ನು ಅಳಿಸಿ ಇನ್ನೊಬ್ಬರ ಹೆಸರು ಬರೆಯುತ್ತೇನೆ. ಆಗಲೂ ವಾಕ್ಯ ಸರಿಯಾಗಿಯೇ ಕಂಡರೆ ಅದನ್ನು ಹೊಡೆದುಹಾಕುತ್ತೇನೆ. "ತಮ್ಮ ಮಾಧುರ್ಯದಿಂದ ಲಕ್ಷಾಂತರ ಶ್ರೋತೃಗಳ ಮನಗೆದ್ದ" ಎಂಬುದು ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಈ ಪರೀಕ್ಷೆಗೆ ಒಡ್ಡಿದರೆ ಸಾಮಾನ್ಯವಾಗಿ ಮೊದಲ ಕರಡಿನ ಮೂರನೆಯ ಒಂದು ಭಾಗ ಉದುರಿಹೋಗುತ್ತದೆ, ಬೇಕಾದ ಸಂಗತಿಗಳಿಗೆ ಜಾಗವೂ ಸಿಗುತ್ತದೆ.

ಒಬ್ಬರಿಗೇ ಎರಡು ಜನ್ಮದಿನಾಂಕಗಳು ಸಿಕ್ಕಿದರೆ ಯಾವುದನ್ನು ನಂಬಬೇಕು?

ಹಳೆಯ ತಲೆಮಾರಿನ ಕಲಾವಿದರ ವಿಷಯದಲ್ಲಿ ಇದು ತೀರ ಸಾಮಾನ್ಯ. ಶಾಲೆಗೆ ಸೇರಿಸುವಾಗ ಬರೆಸಿದ ದಿನಾಂಕ, ಜಾತಕದ ದಿನಾಂಕ, ಕಲಾವಿದರೇ ನೆನಪಿನಿಂದ ಹೇಳಿದ ದಿನಾಂಕ ಮೂರೂ ಬೇರೆ ಬೇರೆಯಾಗಿರುವುದುಂಟು. ಕಲಾವಿದರ ಮಾತೇ ಕೊನೆಯ ಪ್ರಮಾಣ ಎಂದುಕೊಳ್ಳುವುದಕ್ಕೂ ಆಗದು. ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ತಾವು ಹುಟ್ಟಿದ್ದು 1900ರ ಜುಲೈ 4ರಂದು ಎಂದೇ ಹೇಳಿಕೊಂಡು ಬಂದರು. ಅಮೆರಿಕದ ಸ್ವಾತಂತ್ರ್ಯದಿನ, ಹೊಸ ಶತಮಾನದ ಹೊಸ್ತಿಲು: ದಿನಾಂಕ ಎಷ್ಟು ಚಂದವಾಗಿತ್ತೆಂದರೆ ಯಾರಿಗೂ ಪ್ರಶ್ನಿಸಬೇಕೆನಿಸಲಿಲ್ಲ. 1971ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ 1901ರ ಆಗಸ್ಟ್ 4 ಎಂಬ ದಿನಾಂಕ ಸಿಕ್ಕಿತು.

ಪಾಶ್ಚಾತ್ಯ ಸಂಗೀತದ ಸ್ವರಸಂಯೋಜಕ ಬೀಥೋವನ್ ವಿಷಯ ಇನ್ನೊಂದು ಬಗೆಯದು. ಅವರ ದೀಕ್ಷಾಸ್ನಾನ 1770ರ ಡಿಸೆಂಬರ್ 17ರಂದು ಬಾನ್ ನಗರದಲ್ಲಿ ನಡೆದದ್ದಕ್ಕೆ ದಾಖಲೆಯಿದೆ. ಹುಟ್ಟಿದ ದಿನಕ್ಕೆ ದಾಖಲೆಯಿಲ್ಲ. ಎಚ್ಚರದಿಂದ ಬರೆಯುವವರು "ಡಿಸೆಂಬರ್ 17ರಂದು ದೀಕ್ಷಾಸ್ನಾನವಾಯಿತು" ಎಂದಷ್ಟೇ ಬರೆಯುತ್ತಾರೆ, ಹಿಂದಿನ ದಿನವನ್ನು ಊಹಿಸಿ ಜನ್ಮದಿನವೆಂದು ಬರೆಯುವುದಿಲ್ಲ.

ಘಟನೆ ನಡೆದ ಕಾಲಕ್ಕೆ ಹತ್ತಿರವಿರುವ ಲಿಖಿತ ದಾಖಲೆಗೆ ಮೊದಲ ಮನ್ನಣೆ, ಅದಿಲ್ಲದಿದ್ದರೆ ಕಲಾವಿದರ ಆತ್ಮಕಥೆಗೆ, ಆಮೇಲೆ ಪತ್ರಿಕೆಗಳಿಗೆ. ಗೊಂದಲ ಪರಿಹಾರವಾಗದಿದ್ದರೆ ವರ್ಷವನ್ನಷ್ಟೇ ಕೊಡಿ. ವರ್ಷದಲ್ಲೂ ಭಿನ್ನಾಭಿಪ್ರಾಯವಿದ್ದರೆ "ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ" ಎಂದು ಬರೆದರೂ ಗೌರವಕ್ಕೇನೂ ಕುಂದಿಲ್ಲ.

ವಯಸ್ಸಿನ ಲೆಕ್ಕದಲ್ಲಿ ನಾವೆಲ್ಲ ಎಡವುತ್ತೇವೆ. ಭೀಮಸೇನ ಜೋಶಿಯವರು ನಿಧನರಾದದ್ದು 2011ರ ಜನವರಿ 24ರಂದು. 2011ರಿಂದ 1922ನ್ನು ಕಳೆದು 89 ಎಂದು ಬರೆದುಬಿಟ್ಟರೆ ತಪ್ಪಾಗುತ್ತದೆ. ಹುಟ್ಟುಹಬ್ಬಕ್ಕೆ ಇನ್ನೂ ಹನ್ನೊಂದು ದಿನ ಬಾಕಿಯಿತ್ತು, ಆದ್ದರಿಂದ ಆಗ ಅವರಿಗೆ 88.

ಊರು ಮತ್ತು ರಾಜ್ಯದ ಹೆಸರನ್ನು ಇಂದಿನ ರೂಪದಲ್ಲಿ ಬರೆಯಬೇಕೋ, ಅಂದಿನ ರೂಪದಲ್ಲೋ?

ಘಟನೆಯ ಕಾಲದಲ್ಲಿ ಇದ್ದ ಹೆಸರು ಮೊದಲು, ಅಗತ್ಯವಿದ್ದರೆ ಇಂದಿನ ಹೆಸರು ಆಮೇಲೆ. "1922ರಲ್ಲಿ ಕರ್ನಾಟಕದ ಗದಗ ಜಿಲ್ಲೆಯಲ್ಲಿ ಜನಿಸಿದರು" ಎಂಬ ವಾಕ್ಯದಲ್ಲಿ ಎರಡು ಕಾಲದೋಷಗಳಿವೆ. ಆಗ ಗದಗ ಇದ್ದದ್ದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ. ಪ್ರತ್ಯೇಕ ಗದಗ ಜಿಲ್ಲೆಯಾದದ್ದು 1997ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. "ಇಂದಿನ ಗದಗ ಜಿಲ್ಲೆಯಲ್ಲಿ" ಎಂದು ಒಂದು ಪದ ಸೇರಿಸಿದರೆ ಸಾಕು.

ಇದು ಪಂಡಿತರ ಹಟವಲ್ಲ. ಧಾರವಾಡ ಸೀಮೆಯ ಅಷ್ಟೊಂದು ಗಾಯಕರು ಹಿಂದೂಸ್ತಾನಿ ಸಂಗೀತದತ್ತ ಏಕೆ ಹೋದರು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ, ಆ ಸೀಮೆ ಅಂದು ಆಡಳಿತದಲ್ಲೂ ರಂಗಭೂಮಿಯಲ್ಲೂ ಮುಂಬಯಿ, ಪುಣೆ, ಮಿರಜಗಳೊಂದಿಗೆ ಹೊಂದಿದ್ದ ನಂಟಿನಲ್ಲಿದೆ. ಪ್ರಾಂತ್ಯದ ಹೆಸರನ್ನು ಸರಿಯಾಗಿ ಬರೆದರೆ ಆ ನಂಟು ತಾನಾಗಿಯೇ ಕಾಣುತ್ತದೆ.

ಹೆಸರಿನ ವಿಷಯದಲ್ಲಿ ಏನನ್ನು ಗಮನಿಸಬೇಕು?

ಹೆಸರಿನಲ್ಲಿರುವ ಊರು ಹುಟ್ಟಿದ ಊರಾಗಿರಬೇಕಿಲ್ಲ. ಬಹಳ ವರ್ಷಗಳ ಹಿಂದೆ ಗಂಗೂಬಾಯಿ ಹಾನಗಲ್ ಅವರ ಪರಿಚಯ ಬರೆಯುವಾಗ ನಾನು "ಹಾನಗಲ್ಲಿನಲ್ಲಿ ಜನಿಸಿದ" ಎಂದು ಧೈರ್ಯವಾಗಿ ಬರೆದುಬಿಟ್ಟಿದ್ದೆ. ಅವರು ಹುಟ್ಟಿದ್ದು ಧಾರವಾಡದಲ್ಲಿ. ಹಾನಗಲ್ ಮನೆತನದೊಂದಿಗೆ ಬಂದ ಹೆಸರು. ಅಚ್ಚಾಗುವ ಮೊದಲೇ ಹಿರಿಯರೊಬ್ಬರು ನೋಡಿ ತಿದ್ದಿದರು. ಅಂದಿನಿಂದ, ಗೊತ್ತೇ ಇದೆ ಎನಿಸಿದ ಸಂಗತಿಯನ್ನೇ ಮೊದಲು ಪರಿಶೀಲಿಸುವುದು ನನಗೆ ರೂಢಿಯಾಗಿದೆ.

ಹುಟ್ಟುಹೆಸರು ಬೇರೆಯಾಗಿದ್ದರೆ ಒಮ್ಮೆ ಹೇಳಿ. ಕುಮಾರ ಗಂಧರ್ವ ಎಂಬುದು ಬಾಲ್ಯದಲ್ಲೇ ಬಂದ ಬಿರುದು. ಅವರ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬಿರುದೇ ಹೆಸರಾದದ್ದು ಅವರ ಕಥೆಯ ಭಾಗ. ಪಂಡಿತ್, ಉಸ್ತಾದ್, ವಿದ್ವಾನ್, ವಿದುಷಿ ಮುಂತಾದ ಗೌರವಸೂಚಕಗಳನ್ನು ಮೊದಲ ಬಾರಿ ಹೆಸರು ಬಂದಾಗ ಬಳಸಿದರೆ ಸಾಕು. ಪ್ರತಿ ವಾಕ್ಯದಲ್ಲೂ ಬಂದರೆ ಗೌರವ ಹೆಚ್ಚುವುದಿಲ್ಲ, ವಾಕ್ಯ ಭಾರವಾಗುತ್ತದೆ. ಕನ್ನಡದಲ್ಲಿ ಬಹುವಚನದ ಕ್ರಿಯಾಪದವೇ ಗೌರವವನ್ನು ಹೊತ್ತಿರುತ್ತದೆ. "ಹಾಡಿದರು" ಎಂದರೆ ಸಾಕು, "ಹಾಡಿ ಧನ್ಯಗೊಳಿಸಿದರು" ಎನ್ನಬೇಕಿಲ್ಲ. ಬಾಲ್ಯದ ಪ್ರಸಂಗದಲ್ಲಿ ಏಕವಚನ ಬಳಸಿದರೆ ಅಗೌರವವೇನೂ ಆಗದು, ಬದಲಿಗೆ ಹುಡುಗ ಹುಡುಗನಾಗಿಯೇ ಕಾಣುತ್ತಾನೆ.

ಗುರುಪರಂಪರೆಯನ್ನು ಎಷ್ಟು ವಿವರಿಸಬೇಕು?

ಕಲಾವಿದರ ಬಾನಿಯಲ್ಲಿ, ಅಂದರೆ ಹಾಡುವ ಶೈಲಿಯಲ್ಲಿ, ಕಿವಿಗೆ ಕೇಳಿಸುವಷ್ಟು. ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರ ಬಳಿ, ಆಮೇಲೆ ಜೈಪುರ ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಬುರ್ಜೀಖಾನ್ ಅವರ ಬಳಿ ಕಲಿತರು ಎಂಬುದನ್ನು ಬಿಡಲಾಗದು. ಅಪರೂಪದ ರಾಗಗಳ ಮತ್ತು ಎರಡು ರಾಗಗಳನ್ನು ಬೆಸೆದ ಜೋಡುರಾಗಗಳ ಮೇಲೆ ಅವರಿಗಿದ್ದ ಹಿಡಿತ ಈ ಪಾಠಾಂತರದಿಂದಲೇ ಬಂದದ್ದು. ಹಾಗೆಂದು ಅಲ್ಲಾದಿಯಾ ಖಾನರ ಹಿಂದಿನ ಐದು ತಲೆಮಾರುಗಳ ವಂಶಾವಳಿ ಕರಪತ್ರದಲ್ಲಿ ಬೇಕಿಲ್ಲ.

ಘರಾಣೆಯ ಹೆಸರು ಹೇಳಿ ಮುಂದೆ ಹೋದರೆ ಸಾಮಾನ್ಯ ಓದುಗರಿಗೆ ಏನೂ ತಿಳಿಯುವುದಿಲ್ಲ. "ಕಿರಾಣಾ ಘರಾಣೆಯವರು" ಎಂದ ಮೇಲೆ, ಒಂದೊಂದೇ ಸ್ವರವನ್ನು ಸಾವಧಾನವಾಗಿ ಹಿಗ್ಗಿಸುತ್ತ ರಾಗವನ್ನು ಕಟ್ಟುವುದು ಆ ಪದ್ಧತಿಯ ಲಕ್ಷಣ ಎಂಬ ಅರ್ಧ ವಾಕ್ಯವನ್ನೂ ಸೇರಿಸಿ. ತಿಳಿದವರಿಗೆ ಅದರಿಂದ ತೊಂದರೆಯಿಲ್ಲ, ತಿಳಿಯದವರಿಗೆ ಕೇಳುವಾಗ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ.

ಸಂಗೀತಶಾಸ್ತ್ರ ಗೊತ್ತಿಲ್ಲದವರು ಸಂಗೀತದ ಬಗ್ಗೆ ಬರೆಯುವುದು ಹೇಗೆ?

ನಿಜವಾದ ಕಷ್ಟ ಇಲ್ಲಿದೆ. ಇದನ್ನು ತಪ್ಪಿಸಿಕೊಳ್ಳಲೆಂದೇ ಹೆಚ್ಚಿನವರು ಪ್ರಶಸ್ತಿಗಳ ಪಟ್ಟಿಯ ಮರೆಗೆ ಹೋಗುತ್ತಾರೆ ಎಂಬುದು ನನ್ನ ಗುಮಾನಿ. ಶಾಸ್ತ್ರ ಗೊತ್ತಿರಲೇಬೇಕೆಂದಿಲ್ಲ, ಕೇಳಿರಲೇಬೇಕು. ಒಂದು ಸಾಲು ಬರೆಯುವ ಮೊದಲು ಆ ಕಲಾವಿದರ ಕನಿಷ್ಠ ಮೂರು ಧ್ವನಿಮುದ್ರಣಗಳನ್ನು ಪೂರ್ತಿಯಾಗಿ ಕೇಳಿ: ಆರಂಭದ ಕಾಲದ್ದೊಂದು, ಪ್ರೌಢ ಕಾಲದ್ದೊಂದು, ಇಳಿವಯಸ್ಸಿನದೊಂದು. ಕೇಳುವಾಗ ಕೈಯಲ್ಲಿ ಪೆನ್ನಿರಲಿ. ಧ್ವನಿ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಹೇಗಿದೆ, ತಾರದಲ್ಲಿ (ಮೇಲಿನ ಸ್ಥಾಯಿಯಲ್ಲಿ) ಹೇಗಿದೆ? ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ? ರಾಗವನ್ನು ಮೆಲ್ಲಗೆ ಬಿಚ್ಚುತ್ತಾರೋ, ನೇರವಾಗಿ ಹಾಡಿನ ರಚನೆಯಾದ ಬಂದಿಶ್‌ಗೆ ಹೋಗುತ್ತಾರೋ? ಸಾಹಿತ್ಯದ ಪದಗಳು ಸ್ಪಷ್ಟವಾಗಿವೆಯೋ, ಸ್ವರದಲ್ಲಿ ಕರಗಿಹೋಗುತ್ತವೆಯೋ? ಪಕ್ಕವಾದ್ಯದವರಿಗೆ ಎಷ್ಟು ಅವಕಾಶ ಕೊಡುತ್ತಾರೆ? ಈ ಟಿಪ್ಪಣಿಗಳಿಂದ ಎರಡು ವಾಕ್ಯಗಳು ಹುಟ್ಟಿದರೂ ನಿಮ್ಮ ಪರಿಚಯ ಉಳಿದ ಹತ್ತಕ್ಕಿಂತ ಬೇರೆಯಾಗಿ ನಿಲ್ಲುತ್ತದೆ.

ಬರೆಯುವಾಗ ಗುಣವಾಚಕಗಳಿಗಿಂತ ಕ್ರಿಯಾಪದಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ವೇಗದ ಸ್ವರಸಾಲುಗಳಾದ ತಾನಗಳನ್ನು "ಅದ್ಭುತವಾದ ತಾನಗಳು" ಎಂದರೆ ಕಿವಿಗೆ ಏನೂ ಕೇಳಿಸುವುದಿಲ್ಲ. "ಮಂದ್ರದಿಂದ ಎದ್ದ ತಾನ ತಾರ ಷಡ್ಜವನ್ನು ಮುಟ್ಟಿ, ಅದೇ ಉಸಿರಿನಲ್ಲಿ ಇಳಿದು ತಾಳದ ಸಮಕ್ಕೆ ಬಂದು ಕೂರುತ್ತದೆ" ಎಂದರೆ ಚಲನೆ ಕಾಣುತ್ತದೆ. ಪರಿಭಾಷೆಯನ್ನು ಬಳಸುವಾಗ ಪದ್ಧತಿಗಳನ್ನು ಬೆರೆಸಬೇಡಿ. ಹಿಂದೂಸ್ತಾನಿ ಪದ್ಧತಿಯ ಖಯಾಲ್ ಗಾಯಕರಿಗೆ "ಕೃತಿಯನ್ನು ಹಾಡಿದರು" ಎಂದೂ, ಕರ್ನಾಟಕ ಸಂಗೀತದ ಮೃದಂಗದವರಿಗೆ "ತಬಲಾ ಸಾಥ್" ಎಂದೂ ಬರೆದದ್ದನ್ನು ನಾನು ತಿದ್ದಿದ್ದೇನೆ. ಓದುಗರಲ್ಲಿ ತಿಳಿದವರು ಒಬ್ಬರಿದ್ದರೂ ಅಂಥ ಒಂದು ಪದದಿಂದ ಇಡೀ ಬರಹದ ಮೇಲಿನ ನಂಬಿಕೆ ಹೋಗುತ್ತದೆ.

ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವಾಗ ತಂತ್ರಜ್ಞಾನದ ಮಿತಿಯೂ ನೆನಪಿರಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಆ ಅಷ್ಟರಲ್ಲೇ ರಾಗವನ್ನು ಮುಗಿಸಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಅಂಥ ತಟ್ಟೆಯನ್ನು ಕೇಳಿ "ಅಂದಿನವರು ರಾಗವನ್ನು ಸಂಕ್ಷಿಪ್ತವಾಗಿ ಹಾಡುತ್ತಿದ್ದರು" ಎಂಬ ತೀರ್ಮಾನಕ್ಕೆ ಬರುವುದು ಪಾಸ್‌ಪೋರ್ಟ್ ಅಳತೆಯ ಫೋಟೊ ನೋಡಿ ಆಳು ಕುಳ್ಳ ಎಂದ ಹಾಗೆ.

ದಂತಕಥೆಗಳನ್ನು ಸೇರಿಸಬಹುದೇ?

ದಂತಕಥೆ ಎಂದು ಹೇಳಿ ಸೇರಿಸಬಹುದು. ತಾನಸೇನ ದೀಪಕ ರಾಗ ಹಾಡಿ ದೀಪಗಳನ್ನು ಹೊತ್ತಿಸಿದ ಎಂಬುದನ್ನು ಯಾರೂ ವರದಿಯೆಂದು ಓದುವುದಿಲ್ಲ, ಆದ್ದರಿಂದ ಅದು ಅಷ್ಟು ಅಪಾಯಕಾರಿಯಲ್ಲ. ನಿಜವಿರಬಹುದು ಎನಿಸುವ ಕಥೆಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. 1791ರಲ್ಲಿ ಮೊಜಾರ್ಟ್ ತೀರಿಕೊಂಡಾಗ ಅವರಿಗೆ ಸಮಕಾಲೀನ ಸಂಗೀತಗಾರ ಸಾಲಿಯೆರಿ ವಿಷವಿಕ್ಕಿದನೆಂಬ ಗಾಳಿಮಾತಿಗೆ ಆಧಾರವಿಲ್ಲ. ಆದರೆ ಅದು ನಾಟಕವಾಗಿ, ಸಿನಿಮಾ ಆಗಿ, ಇಂದಿಗೂ ಎಷ್ಟೋ ಜನರ ಮಟ್ಟಿಗೆ ಇತಿಹಾಸವೇ ಆಗಿದೆ. ಬೀಥೋವನ್ ಹುಟ್ಟುಕಿವುಡರೆಂದು ನಂಬಿರುವವರೂ ಇದ್ದಾರೆ. ವಾಸ್ತವದಲ್ಲಿ ಇಪ್ಪತ್ತರ ಹರೆಯದ ಕೊನೆಯ ಭಾಗದಲ್ಲಿ ಅವರ ಕಿವಿ ಮಂದವಾಗತೊಡಗಿತು. 1802ರಲ್ಲಿ ಸಹೋದರರನ್ನು ಉದ್ದೇಶಿಸಿ ಬರೆದಿಟ್ಟ ಪತ್ರದಲ್ಲಿ ಆ ಸಂಕಟವನ್ನು ಅವರೇ ತೋಡಿಕೊಂಡಿದ್ದಾರೆ. ಕೇಳಿ ಬಲ್ಲವರಿಗೆ ಕೇಳಿಸದಂತಾಗುವುದು ಹುಟ್ಟುಕಿವುಡಿಗಿಂತ ಬೇರೆಯದೇ ಕಥೆ, ದಂತಕಥೆಗಿಂತ ತೀವ್ರವಾದ ಕಥೆ.

ಒಂದು ಪ್ರಸಂಗ ತೀರ ಅಚ್ಚುಕಟ್ಟಾಗಿದ್ದರೆ, ಗುರುಗಳು ಹೇಳಿದರೆನ್ನುವ ಮಾತು ನಾಟಕದ ಸಂಭಾಷಣೆಯಂತೆ ಇದ್ದರೆ, ಅದೇ ಪ್ರಸಂಗವನ್ನು ಬೇರೆ ಇಬ್ಬರು ಕಲಾವಿದರ ಬಗ್ಗೆಯೂ ಕೇಳಿದ್ದರೆ, ಅನುಮಾನಪಡಿ.

ಪ್ರಶಸ್ತಿಗಳನ್ನು ಎಲ್ಲಿ, ಹೇಗೆ ಬರೆಯಬೇಕು?

ಕೊನೆಗೆ, ಒಂದೇ ವಾಕ್ಯದಲ್ಲಿ, ಎರಡು ಅಥವಾ ಮೂರು. ಉಳಿದವುಗಳನ್ನು ಬಿಟ್ಟರೆ ಕಲಾವಿದರಿಗೆ ಅವಮಾನವಾಗುತ್ತದೆ ಎಂದು ಸಂಘಟಕರು ಹೇಳುತ್ತಾರೆ. ಇಪ್ಪತ್ತು ಪ್ರಶಸ್ತಿಗಳ ನಡುವೆ ಭಾರತರತ್ನವನ್ನು ಹೂತುಹಾಕುವುದೇ ದೊಡ್ಡ ಅವಮಾನವೆಂದು ನಾನು ವಾದಿಸುತ್ತೇನೆ. ಸಾಮಾನ್ಯವಾಗಿ ಸೋಲುತ್ತೇನೆ.

ಪ್ರಶಸ್ತಿಗೆ ಅರ್ಥ ಬರುವುದು ಅದರ ಹಿನ್ನೆಲೆ ತಿಳಿದಾಗ. ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ 1968ರಲ್ಲಿ ಸಂಗೀತ ಕಲಾನಿಧಿ ಬಂತು ಎಂದರೆ ಒಂದು ಸಂಗತಿ. 1928ರಲ್ಲಿ ಸ್ಥಾಪನೆಯಾದ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಆ ಗೌರವವನ್ನು ಮಹಿಳೆಯೊಬ್ಬರಿಗೆ ಕೊಟ್ಟದ್ದು ಅದೇ ಮೊದಲು ಎಂದರೆ ಒಂದು ಕಾಲದ ಚಿತ್ರ.

ಘೋಷಣೆಯ ವರ್ಷ ಮತ್ತು ಪ್ರದಾನದ ವರ್ಷ ಬೇರೆಯಾಗಿರಬಹುದು. ಭೀಮಸೇನ ಜೋಶಿಯವರ ಭಾರತರತ್ನ ಘೋಷಣೆಯಾದದ್ದು 2008ರ ನವೆಂಬರ್‌ನಲ್ಲಿ, ಪ್ರದಾನವಾದದ್ದು 2009ರಲ್ಲಿ. ಎರಡೂ ವರ್ಷಗಳು ಬರಹಗಳಲ್ಲಿ ಓಡಾಡುವುದು ಇದೇ ಕಾರಣಕ್ಕೆ. ನಾಮನಿರ್ದೇಶನವನ್ನು ಪ್ರಶಸ್ತಿಯೆಂದು ಬರೆಯುವುದಂತೂ ಕೂಡದು. ಇನ್ನು "ಪದ್ಮಭೂಷಣ" ಎಂಬುದನ್ನು ಹೆಸರಿನ ಹಿಂದೆ ಬಿರುದಿನಂತೆ ಅಂಟಿಸುವ ಅಭ್ಯಾಸ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಸ್ಪಷ್ಟಪಡಿಸಿದೆ. ಆಹ್ವಾನಪತ್ರಿಕೆಗಳಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಖಾಸಗಿ ಬದುಕು, ವಿವಾದಗಳ ವಿಷಯ?

ಸಂಗೀತಕ್ಕೆ ಸಂಬಂಧಿಸಿದ್ದು, ಪ್ರಕಟವಾಗಿ ದೃಢಪಟ್ಟದ್ದು ಎಂಬ ಎರಡೂ ಷರತ್ತುಗಳು ಪೂರೈಸಿದರೆ ಬರೆಯಿರಿ. ಕಲಾವಿದರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದರೆ ಸಂಕೋಚ ಬೇಡ. ಜಾತಿಯ ಕಾರಣಕ್ಕೆ ಅನುಭವಿಸಿದ ಅವಮಾನ, ಹೆಣ್ಣೆಂಬ ಕಾರಣಕ್ಕೆ ಎದುರಿಸಿದ ಅಡ್ಡಿ ಇವೆಲ್ಲ ಖಾಸಗಿ ಸಂಗತಿಗಳಲ್ಲ. ಆ ಕಾಲದ ಸಂಗೀತ ಪ್ರಪಂಚದ ಸಂಗತಿಗಳು ಅವು. ಅವನ್ನು ಬಿಟ್ಟು "ಅನೇಕ ಕಷ್ಟಗಳನ್ನು ಎದುರಿಸಿ" ಎಂದು ಬರೆಯುವುದು ಸಭ್ಯತೆಯಂತೆ ಕಂಡರೂ ಒಂದು ಬಗೆಯ ಮುಚ್ಚಿಡುವಿಕೆಯೇ. ಊಹಾಪೋಹಕ್ಕೆ ಮಾತ್ರ ಎಷ್ಟು ದೊಡ್ಡ ಲೇಖನದಲ್ಲೂ ಜಾಗವಿಲ್ಲ.

ಬದುಕಿರುವ ಕಲಾವಿದರಾದರೆ ಬರಹವನ್ನು ಅವರಿಗೆ ತೋರಿಸಬೇಕೇ?

ದಿನಾಂಕ, ಹೆಸರು, ಗುರುಗಳ ವಿವರಗಳನ್ನು ತೋರಿಸಿ ಖಚಿತಪಡಿಸಿಕೊಳ್ಳಿ. ನಿಮ್ಮ ಅಭಿಪ್ರಾಯವನ್ನು ತಿದ್ದಲು ಕೊಡಬೇಡಿ. ಭೇಟಿಗೆ ಹೋಗುವ ಮುನ್ನ ಹಿಂದಿನ ಸಂದರ್ಶನಗಳನ್ನು ಓದಿಕೊಂಡು ಹೋದರೆ "ಸಂಗೀತದಲ್ಲಿ ಆಸಕ್ತಿ ಹೇಗೆ ಬಂತು" ಎಂಬ ಪ್ರಶ್ನೆಯನ್ನು ನೂರನೆಯ ಬಾರಿ ಕೇಳುವುದು ತಪ್ಪುತ್ತದೆ. ಮೊದಲ ಪಾಠದಲ್ಲಿ ಯಾವ ರಾಗ ಹೇಳಿಕೊಟ್ಟರು, ಅದನ್ನು ಎಷ್ಟು ತಿಂಗಳು ಹಾಡಿಸಿದರು, ಈಗ ಬೆಳಿಗ್ಗೆ ರಿಯಾಜಿಗೆ ಕೂತಾಗ ಮೊದಲು ಏನು ಹಾಡುತ್ತೀರಿ ಎಂದು ಕೇಳಿ ನೋಡಿ. ಮಾತು ನಿಂತು ಹಾಡು ಶುರುವಾದರೂ ಆಶ್ಚರ್ಯವಿಲ್ಲ.

ಅಂತರಜಾಲದಲ್ಲಿ ಸಿಗುವ ಮಾಹಿತಿ ಸಾಕಾಗುವುದಿಲ್ಲವೇ?

ಆರಂಭಕ್ಕೆ ಸಾಕು. ಹತ್ತು ತಾಣಗಳಲ್ಲಿ ಒಂದೇ ಮಾತಿದ್ದರೆ ಅದು ಹತ್ತು ಸಾಕ್ಷಿಗಳಲ್ಲ. ಒಂದೇ ಸಾಕ್ಷಿಯ ಹತ್ತು ನಕಲುಗಳಿರಬಹುದು, ತಪ್ಪಾದ ಕಾಗುಣಿತವೂ ಹತ್ತರಲ್ಲೂ ಒಂದೇ ರೀತಿ ಇದ್ದರೆ ಖಂಡಿತ ಅದೇ. ಆತ್ಮಕಥೆ, ಧ್ವನಿಮುದ್ರಿಕೆಯ ಹೊದಿಕೆಯ ಬರಹ, ಆಕಾಶವಾಣಿಯ ಸಂದರ್ಶನ, ಅಕಾಡೆಮಿಗಳ ಪ್ರಶಸ್ತಿ ಪಟ್ಟಿ, ನಿಧನದ ಮರುದಿನದ ಪತ್ರಿಕೆಗಳು ಇವುಗಳಲ್ಲಿ ಎರಡನ್ನಾದರೂ ನೋಡಿ. ಬೇರೆಯವರ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ಉಲ್ಲೇಖಿಸಿದರೆ ಯಾರ ಮಾತೆಂದು ಹೇಳಿ.

ಒಂದು ಮಾದರಿ ಕೊಡಬಹುದೇ?

ಗಂಗೂಬಾಯಿಯವರಿಗೆ ನಾನು ಮಾಡಿದ ತಪ್ಪಿನ ಪ್ರಾಯಶ್ಚಿತ್ತವಾಗಿ ಇದನ್ನು ಬರೆದಿದ್ದೇನೆ.

"ಧ್ವನಿ ಮೊದಲ ಬಾರಿಗೆ ಕಿವಿಗೆ ಬಿದ್ದಾಗ ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಕೇಳುಗರು ಗೊಂದಲಗೊಳ್ಳುವುದುಂಟು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದಪ್ಪಗಾದ ತಮ್ಮ ಶಾರೀರವನ್ನು ಗಂಗೂಬಾಯಿ ಹಾನಗಲ್ ಕೊರತೆಯೆಂದು ಮುಚ್ಚಿಡಲಿಲ್ಲ, ಅದರ ಗಾಂಭೀರ್ಯದ ಮೇಲೆಯೇ ತಮ್ಮ ಖಯಾಲ್ ಗಾಯನವನ್ನು ಕಟ್ಟಿದರು. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಆರಿಸಿಕೊಂಡದ್ದು ಹಿಂದೂಸ್ತಾನಿ ಸಂಗೀತವನ್ನು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಬಳಿ ಪಾಠಕ್ಕಾಗಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮುಂದೆ ಮಗಳು ಕೃಷ್ಣಾ ವೇದಿಕೆಯಲ್ಲಿ ಅವರಿಗೆ ಸಹಗಾಯನ ನೀಡಿದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಗೌರವಗಳು ಸಂದವು. 2009ರ ಜುಲೈ 21ರಂದು, 96ನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ನಿಧನರಾದರು."

ನೂರು ಪದಗಳಿಗಿಂತ ಕಡಿಮೆಯಿರುವ ಈ ಪರಿಚಯದಲ್ಲಿ ಹತ್ತಾರು ಪ್ರಶಸ್ತಿಗಳು, ಗೌರವ ಡಾಕ್ಟರೇಟುಗಳು, ವಿದೇಶ ಪ್ರವಾಸಗಳು ಇಲ್ಲ. ರೈಲು ಇದೆ. ಪಾಠದ ಮೇಲಿನ ಹಸಿವನ್ನು ಹೇಳಲು ಅದಕ್ಕಿಂತ ಚಿಕ್ಕ ದಾರಿ ನನಗೆ ಸಿಗಲಿಲ್ಲ. ಮೂರನೆಯ ವಾಕ್ಯವನ್ನು ಇನ್ನೊಮ್ಮೆ ಓದಿ: "ಹುಟ್ಟಿದ ಅವರ ತಾಯಿ" ಎಂಬಲ್ಲಿ ಧಾರವಾಡದಲ್ಲಿ ಹುಟ್ಟಿದ್ದು ತಾಯಿಯೋ ಮಗಳೋ ಎಂಬ ಅನುಮಾನ ಬರುತ್ತದೆ. ಬೇಕೆಂದೇ ತಿದ್ದದೆ ಬಿಟ್ಟಿದ್ದೇನೆ. ಸಂಗತಿಗಳನ್ನು ಒತ್ತಿ ತುಂಬುವಾಗ ಇಂಥ ವಾಕ್ಯಗಳು ನುಸುಳುತ್ತವೆ. ಗಟ್ಟಿಯಾಗಿ ಓದಿದರೆ ಸಿಕ್ಕಿಬೀಳುತ್ತವೆ. "ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ" ಎಂದು ಒಡೆದರೆ ಸರಿಯಾಗುತ್ತದೆ.

ನಿಧನವನ್ನು ಹೇಳುವಾಗ "ಸ್ವರಲೀನರಾದರು" ಎನ್ನಬಹುದೇ?

"ನಿಧನರಾದರು" ಸಾಕು. "ಸ್ವರಲೀನ", "ನಾದಲೀನ" ಮುಂತಾದ ಪದಗಳು ಮೊದಲ ಬಾರಿ ಬಳಸಿದಾಗ ಚೆನ್ನಾಗಿದ್ದಿರಬೇಕು. "ತುಂಬಲಾರದ ನಷ್ಟ" ಎಂಬುದಕ್ಕೂ ಇದೇ ಮಾತು.

ಪ್ರಕಟವಾದ ಮೇಲೆ ತಪ್ಪು ಗೊತ್ತಾದರೆ?

ಅಂತರಜಾಲದಲ್ಲಿದ್ದರೆ ತಕ್ಷಣ ತಿದ್ದಿ, ಏನನ್ನು ತಿದ್ದಿದಿರೆಂದು ಕೆಳಗೆ ಒಂದು ಸಾಲು ಬರೆಯಿರಿ. ಅಚ್ಚಿನಲ್ಲಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸಿ. ಸ್ಮರಣ ಸಂಚಿಕೆಗೆ ಮುಂದಿನ ಸಂಚಿಕೆ ಎಂಬುದೇ ಇರುವುದಿಲ್ಲ. ನಾಳೆ ಇನ್ನೊಬ್ಬರು ಅದನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಾರೆ, ಹಾಗಾಗಿ ಅದರ ಕರಡನ್ನು ಮಾತ್ರ ನಾನು ಇನ್ನೊಬ್ಬರ ಕಣ್ಣಿಗೆ ಬೀಳಿಸದೆ ಅಚ್ಚಿಗೆ ಕಳಿಸುವುದಿಲ್ಲ.